ಎಲ್ಲದಕ್ಕೂ ಮೂವತ್ತೈದು

ಠಾಣೆಯ ವಾಗ್ಳೆ ಎಸ್ಟೇಟಿನ ನಂಬರು ಹೊತ್ತ ರಸ್ತೆಗಳಲ್ಲಾಗಲಿ, ಘೋಡ್‌ಬಂದರ್ ರೋಡಿನ ಉದ್ದಕ್ಕಾಗಲಿ ಟೈರಿನ ಅಂಗಡಿಗಳಿಗೆ ಬರವಿಲ್ಲ. ಯಾವ ಅಂಗಡಿಯ ಮುಂದೆ ಕಾರು ನಿಂತರೂ ಗಾಳಿಯ ಪೈಪು ಹಿಡಿದ ಹುಡುಗ ಕೇಳುವುದು ಒಂದೇ ಪ್ರಶ್ನೆ: "ಕಿತ್ನಾ ಡಾಲೂಂ?" ಒಳಗೆ ಕೂತವರ ಉತ್ತರವೂ ಬಹುಪಾಲು ಒಂದೇ: "ಸಬ್ ಮೇ ಪೈಂತೀಸ್." ಎಲ್ಲದಕ್ಕೂ ಮೂವತ್ತೈದು. ಕಾರು ಹತ್ತು ವರ್ಷದ ವ್ಯಾಗನಾರ್ ಇರಲಿ, ಕೋಟಿ ದಾಟಿದ ಪೋರ್ಷೆ ಇರಲಿ, ಅಂಕಿ ಬದಲಾಗುವುದಿಲ್ಲ. ಈ ಮೂವತ್ತೈದರ ಜೊತೆಗೆ ಇನ್ನೂ ಮೂರು ಮಾತುಗಳು ಓಡಾಡುತ್ತವೆ. ಸೈಜ್ ಕೂತರೆ ಯಾವ ಟೈರಾದರೂ ನಡೆಯುತ್ತದೆ. ಎರಡೇ ಹೊಸ ಟೈರು ಕೊಂಡರೆ ಮುಂದಕ್ಕೆ ಹಾಕಬೇಕು. ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಮ್ಮಿ ಇಡಬೇಕು, ಇಲ್ಲದಿದ್ದರೆ ಸಿಡಿಯುತ್ತದೆ. ಅಂಗಡಿಯವರು, ಡ್ರೈವರುಗಳು, ಸೊಸೈಟಿಯ ಪಾರ್ಕಿಂಗಿನಲ್ಲಿ ಸಲಹೆ ಕೊಡುವ ಅನುಭವಸ್ಥರು ಎಲ್ಲರೂ ಒಪ್ಪಿಕೊಂಡಿರುವ ಈ ನಾಲ್ಕೂ ಮಾತುಗಳು ತಪ್ಪು ಎಂಬುದು ಈ ಲೇಖನದ ವಾದ. ನಾಲ್ಕರ ಬೇರೂ ಒಂದೇ. ಟೈರು ಎಂದರೆ ಸವೆದಾಗ ಬದಲಿಸುವ ಬಿಡಿಭಾಗ, ಅದರೊಳಗಿನ ಗಾಳಿ ಎಂದರೆ ಪುಕ್ಕಟೆ ಸಿಗುವ ಸಾಮಾನು ಎಂಬ ಭಾವನೆ. ಆದರೆ ನಾಲ್ಕು ಟೈರು ಮತ್ತು ಅವುಗಳ ಒತ್ತಡ ಸೇರಿ ಕಾರಿನ ವಿನ್ಯಾಸದ ಒಂದು ಅಂಗ. ಅದನ್ನು ಬದಲಿಸಿದವನು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಕಾರನ್ನೇ ಬದಲಿಸಿರುತ್ತಾನೆ.

ಇದನ್ನು ನಿಚ್ಚಳವಾಗಿ ತೋರಿಸುವುದು ಸ್ಪೋರ್ಟ್ಸ್ ಕಾರು. ಮಾಮೂಲಿ ಕಾರಿನಲ್ಲಿ ನಾಲ್ಕೂ ಟೈರು ಒಂದೇ ಅಳತೆಯವು. ಹಾಗಾಗಿ ನಾಲ್ಕಕ್ಕೂ ಒಂದೇ ಲೆಕ್ಕ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಈಗಿನ ಪೀಳಿಗೆಯ ಪೋರ್ಷೆ 911 ಕ್ಯಾರೆರಾ ಎಸ್ ಕಾರನ್ನು ನೋಡಿ. ಮುಂದಿನ ಟೈರಿನ ಅಗಲ 245 ಮಿಲಿಮೀಟರ್, ಗಾಲಿ 20 ಇಂಚು. ಹಿಂದಿನದರ ಅಗಲ 305, ಗಾಲಿ 21 ಇಂಚು. ಎಂಜಿನ್ ಹಿಂದಿದೆ, ತೂಕದ ಹೆಚ್ಚಿನ ಪಾಲು ಹಿಂದಿದೆ, ತಳ್ಳುವ ಕೆಲಸವೂ ಹಿಂದಿನ ಗಾಲಿಗಳದು. ತಿರುವಿನಲ್ಲಿ ಮುಂದಿನ ಗಾಲಿ ಎಷ್ಟು ಹಿಡಿಯಬೇಕು, ಹಿಂದಿನದು ಎಷ್ಟು, ಮಿತಿ ಮೀರಿದಾಗ ಮೊದಲು ಯಾವುದು ಜಾರಬೇಕು ಎಂಬುದನ್ನೆಲ್ಲ ಎಂಜಿನಿಯರುಗಳು ಸ್ಪ್ರಿಂಗು, ಡ್ಯಾಂಪರುಗಳ ಜೊತೆಗೆ ಟೈರಿನ ಅಗಲ, ಗೋಡೆಯ ಬಿಗುವು ಮತ್ತು ಒಳಗಿನ ಒತ್ತಡದಿಂದ ಗೊತ್ತುಮಾಡಿರುತ್ತಾರೆ. ಇಷ್ಟೆಲ್ಲ ಲೆಕ್ಕ ಕೊನೆಗೆ ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳಲ್ಲಿ. ನೂರಾರು ಅಶ್ವಶಕ್ತಿ, ದುಬಾರಿ ಬ್ರೇಕು, ಕಂಪ್ಯೂಟರು ಎಲ್ಲವೂ ಈ ನಾಲ್ಕು ತುಂಡುಗಳು ಕೊಡುವ ಹಿಡಿತದಷ್ಟೇ ಕೆಲಸ ಮಾಡಬಲ್ಲವು.

ಹಾಗಾದರೆ ಸೈಜ್ ಕೂತರೆ ಸಾಕು ಎನ್ನುವವರು ಟೈರಿನ ಗೋಡೆಯ ಮೇಲಿನ ಬರಹದಲ್ಲಿ ಕಾಲು ಭಾಗ ಮಾತ್ರ ಓದುತ್ತಿದ್ದಾರೆ ಎನ್ನಬೇಕು. ಒಮ್ಮೆ ಬಗ್ಗಿ ಪೂರ್ತಿ ಓದಿದರೆ ಗೊತ್ತಾಗುತ್ತದೆ. ಅಗಲ, ಗೋಡೆಯ ಎತ್ತರದ ಶೇಕಡಾವಾರು, ಗಾಲಿಯ ಇಂಚು ಆದಮೇಲೆ ಒಂದು ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತದೆ. ಸಂಖ್ಯೆ ಹೊರೆಯದು: 91 ಎಂದರೆ ಆ ಒಂದು ಟೈರು 615 ಕಿಲೋ ಹೊರಬಲ್ಲದು, 94 ಎಂದರೆ 670. ಅಕ್ಷರ ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್, ವಿ ಎಂದರೆ 240, ಡಬ್ಲ್ಯು 270, ವೈ 300. ಆಮೇಲೆ ಟ್ರೆಡ್‌ವೇರ್ ಎಂಬ ಅಂಕಿ. ಅಂಟುವ ಗುಣವೇ ಮುಖ್ಯವಾದ ಸ್ಪೋರ್ಟ್ಸ್ ಟೈರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ, ಬಾಳಿಕೆಗೆಂದೇ ಮಾಡಿದ ಟೈರಿನಲ್ಲಿ ಹೆಚ್ಚು. ಇನ್ನು ಕಾರು ಕಂಪನಿಯ ಗುರುತು: ಪೋರ್ಷೆಗಾಗಿ ಹದಮಾಡಿದ ಟೈರಿನ ಮೇಲೆ ಎನ್ ಅಕ್ಷರದೊಂದಿಗೆ ಒಂದು ಅಂಕಿ, ಬಿಎಂಡಬ್ಲ್ಯುಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಆಡಿಗೆ ಎಒ. ಒಂದೇ ಕಂಪನಿಯ, ಒಂದೇ ಹೆಸರಿನ, ಒಂದೇ ಅಳತೆಯ ಟೈರಿನಲ್ಲೂ ಈ ಗುರುತು ಬೇರೆಯಾದರೆ ಒಳಗಿನ ಕಟ್ಟುವಿಕೆ, ರಬ್ಬರಿನ ಹದ ಬೇರೆಯಾಗಿರಬಹುದು. ಅಳತೆ ಹೇಳುವುದು ಟೈರು ಗಾಲಿಗೆ ಏರುತ್ತದೆಯೇ ಎಂಬುದನ್ನು ಮಾತ್ರ. ಅದು ಕಾರಿಗೆ ಒಗ್ಗುತ್ತದೆಯೇ ಎಂಬುದನ್ನು ಹೇಳುವುದು ಉಳಿದ ಬರಹ.

ಒಗ್ಗದ ಜೋಡಿ ಹುಟ್ಟುವುದು ಹೇಗೆ ಎಂದು ನೋಡಿದರೆ, ಅದರ ಹಿಂದೆ ಅಜ್ಞಾನದಷ್ಟೇ ಪೇಟೆಯ ಕಾರಣವೂ ಇದೆ. ಹಿಂದಿನ ಗಾಲಿಯಿಂದ ಓಡುವ ಶಕ್ತಿಶಾಲಿ ಕಾರಿನಲ್ಲಿ ಹಿಂದಿನ ಟೈರು ಬೇಗ ಸವೆಯುತ್ತದೆ. ಮುಂದಿನದರ ಅಳತೆಯೇ ಬೇರೆಯಾದ್ದರಿಂದ ಹಿಂದು ಮುಂದು ಅದಲುಬದಲು ಮಾಡುವ ಹಾಗಿಲ್ಲ. 2020ರ ಜೂನ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಭಾರತದಲ್ಲಿ ತಯಾರಾಗದ 20, 21 ಇಂಚಿನ ಅಪರೂಪದ ಅಳತೆಗಳಿಗೆ ಇದರ ಬಿಸಿ ತಟ್ಟಿತು. ಆಗ ಅಂಗಡಿಯವನು "ಅದೇ ಸೈಜಿನಲ್ಲಿ ಬೇರೆ ಬ್ರಾಂಡ್ ಇದೆ, ಹಾಕಿಬಿಡೋಣ" ಎನ್ನುತ್ತಾನೆ. ಮುಂದೆ ಮೆತ್ತನೆಯ, ರಸ್ತೆಗೆ ಅಂಟುವ ಹಳೆಯ ಜೋಡಿ. ಹಿಂದೆ ಗಡಸು ರಬ್ಬರಿನ, ಬಾಳಿಕೆಯ ಹೊಸ ಜೋಡಿ. ಈಗ ಈ ಕಾರು ಲೋಣಾವಳ ಘಾಟಿನ ತಿರುವಿಗೆ ಬಂತೆನ್ನಿ. ಮೂತಿ ಹೇಳಿದ ಕಡೆ ತಿರುಗುತ್ತದೆ, ಬಾಲ ಹಿಂಬಾಲಿಸುವುದಿಲ್ಲ. ಅದು ಹೊರಕ್ಕೆ ಚಿಮ್ಮಿ ಕಾರು ಬುಗುರಿಯಾಗುತ್ತದೆ. ವಿನ್ಯಾಸಕಾರ ವರ್ಷಗಟ್ಟಲೆ ಪರೀಕ್ಷಿಸಿ ತಡೆದಿದ್ದ ಗುಣವನ್ನು ಅರ್ಧ ಗಂಟೆಯ ಫಿಟ್ಟಿಂಗು ವಾಪಸು ತಂದಿರುತ್ತದೆ. ಸರಕು ಸಿಗುವುದಿಲ್ಲ ಎಂಬುದು ನಿಜವಾದ ತೊಂದರೆಯೇ. ಅದಕ್ಕೆ ದಾರಿ ಎರಡು: ಸವೆತ ಮಿತಿಗೆ ಬರುವ ತಿಂಗಳುಗಳ ಮೊದಲೇ ಆರ್ಡರ್ ಹಾಕುವುದು, ಅಥವಾ ಕಾರು ಕಂಪನಿ ಒಪ್ಪಿದ ಇನ್ನೊಂದು ಟೈರಿಗೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು. ಬೆರೆಸುವುದು ದಾರಿಯಲ್ಲ.

"ಈಗಿನ ಕಾರಿನಲ್ಲಿ ಇಎಸ್‌ಸಿ ಇದೆಯಲ್ಲ, ಜಾರಿದರೆ ಕಂಪ್ಯೂಟರ್ ಹಿಡಿಯುತ್ತದೆ" ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ. ಇಎಸ್‌ಸಿ ಮಾಡುವುದಿಷ್ಟು: ಸ್ಟಿಯರಿಂಗು ಎಷ್ಟು ತಿರುಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಒಂದೊಂದು ಗಾಲಿಗೆ ಬೇರೆ ಬೇರೆಯಾಗಿ ಬ್ರೇಕು ಹಾಕಿ ಕಾರನ್ನು ನೇರಮಾಡಲು ನೋಡುತ್ತದೆ. ಇರುವ ಹಿಡಿತವನ್ನು ಅದು ಜಾಣತನದಿಂದ ಹಂಚಬಲ್ಲದೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಹಿಡಿತ ತರುವುದು ರಬ್ಬರು. ಅಲ್ಲದೆ ಯಾವಾಗ, ಎಷ್ಟು ಬ್ರೇಕು ಹಾಕಬೇಕೆಂಬ ಲೆಕ್ಕವನ್ನು ಕಂಪನಿ ಹದಮಾಡಿದ್ದು ತಾನು ಒಪ್ಪಿದ ಟೈರುಗಳ ಮೇಲೆ. ಮುಂದೊಂದು ಹಿಂದೊಂದು ಹಾಕಿದ ಕಾರಿನಲ್ಲಿ ಕಂಪ್ಯೂಟರು ತನಗೆ ಪರಿಚಯವೇ ಇಲ್ಲದ ವಾಹನವನ್ನು ಸಂಭಾಳಿಸಬೇಕಾಗುತ್ತದೆ.

ಹೊಸ ಜೋಡಿಯನ್ನು ಮುಂದಕ್ಕೆ ಹಾಕಬೇಕೆಂಬ ಮಾತಿಗೆ ಮೇಲುನೋಟದ ತರ್ಕವೊಂದಿದೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಮುಂದೆ, ಸ್ಟಿಯರಿಂಗು ಮುಂದೆ, ಬ್ರೇಕಿನ ಹೆಚ್ಚಿನ ಕೆಲಸ ಮುಂದೆ, ಸವೆತವೂ ಮುಂದೆಯೇ ಹೆಚ್ಚು. ಒಣ ರಸ್ತೆಯಲ್ಲಿ ಈ ತರ್ಕದ ತಪ್ಪು ಬಯಲಾಗುವುದಿಲ್ಲ. ಅದು ಬಯಲಾಗುವುದು ಜೂನ್ ತಿಂಗಳಲ್ಲಿ, ಠಾಣೆ-ಬೇಲಾಪುರ ರಸ್ತೆಯ ಮೇಲೆ ನೀರು ನಿಂತಾಗ. ಟ್ರೆಡ್ಡಿನ ಕಾಲುವೆಗಳು ಸವೆದಷ್ಟೂ ನೀರನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ಒಂದು ಹಂತದಲ್ಲಿ ಟೈರು ನೀರಿನ ಮೇಲೆ ತೇಲುತ್ತದೆ. ಮುಂದಿನ ಟೈರು ಮೊದಲು ತೇಲಿದರೆ ಕಾರು ತಿರುಗದೆ ನೇರ ಹೋಗುತ್ತದೆ; ಸ್ಟಿಯರಿಂಗು ಹಗುರಾದದ್ದು ಕೈಗೆ ತಿಳಿಯುತ್ತದೆ, ಕಾಲು ತಾನಾಗಿ ವೇಗ ತಗ್ಗಿಸುತ್ತದೆ, ಹಿಡಿತ ಮರಳುತ್ತದೆ. ಹಿಂದಿನದು ಮೊದಲು ತೇಲಿದರೆ ಮುನ್ಸೂಚನೆಯೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕಾರು ಅಡ್ಡ ತಿರುಗಿರುತ್ತದೆ, ಗಾಬರಿಯಲ್ಲಿ ಒತ್ತಿದ ಬ್ರೇಕು ಅದನ್ನು ಇನ್ನಷ್ಟು ಕೆಡಿಸುತ್ತದೆ. ಈ ಕಾರಣಕ್ಕೇ ದೊಡ್ಡ ಟೈರು ಕಂಪನಿಗಳು ಮುಂದಿನ ಗಾಲಿಯಿಂದ ಓಡುವ ಕಾರಿಗೂ ಹೊಸ ಜೋಡಿಯನ್ನು ಹಿಂದಕ್ಕೇ ಹಾಕಲು ಹೇಳುತ್ತವೆ. ಕಾರಿಗೆ ಕಾನೂನು ಒಪ್ಪುವ ಕನಿಷ್ಠ ಟ್ರೆಡ್ಡು 1.6 ಮಿಲಿಮೀಟರ್. ಆದರೆ ಕೊಂಕಣದ ಮಳೆಗೆ ಆ ಮಿತಿಯವರೆಗೆ ಕಾಯುವುದೆಂದರೆ ಪರೀಕ್ಷೆಯಲ್ಲಿ ಪಾಸು ಅಂಕಕ್ಕೇ ಗುರಿಯಿಟ್ಟ ಹಾಗೆ.

ಟ್ರೆಡ್ಡು ಚೆನ್ನಾಗಿದ್ದರೆ ಟೈರು ಚೆನ್ನಾಗಿದೆ ಎಂಬುದು, ಟೈರನ್ನು ಸವೆದಾಗ ಬದಲಿಸಿದರೆ ಸಾಕೆಂಬ ಭಾವನೆಯ ಇನ್ನೊಂದು ಮುಖ, ಮತ್ತು ಸ್ಪೋರ್ಟ್ಸ್ ಕಾರಿನ ಒಡೆಯರು ಹೆಚ್ಚು ಮೋಸಹೋಗುವುದು ಇಲ್ಲಿಯೇ. ಭಾನುವಾರ ಬೆಳಿಗ್ಗೆ ಮಾತ್ರ ಹೊರಬೀಳುವ ಕಾರಿನ ಟೈರು ಸವೆಯುವುದೇ ಇಲ್ಲ. ಆದರೆ ರಬ್ಬರಿಗೆ ಓಡಾಟಕ್ಕಿಂತ ಕಾಲವೇ ದೊಡ್ಡ ಶತ್ರು. ಗಾಳಿಯ ಆಮ್ಲಜನಕ, ಬಿಸಿಲು, ಶಾಖ ಸೇರಿ ಅದನ್ನು ಗಡಸುಮಾಡುತ್ತವೆ. ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ಒಂದು ಮುದ್ರೆ ಇರುತ್ತದೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಸತ್ತ ಅಪಘಾತದ ತನಿಖೆಯಲ್ಲಿ ಟೈರಿನ ಪ್ರಾಯವೂ ಲೆಕ್ಕಕ್ಕೆ ಬಂತು. ಅವನು ಕೂತಿದ್ದ ಪೋರ್ಷೆ ಕ್ಯಾರೆರಾ ಜಿಟಿ ಅತಿವೇಗದಲ್ಲಿತ್ತು. ತನಿಖೆ ಮೊದಲ ಕಾರಣವೆಂದದ್ದು ಅದನ್ನೇ. ಆದರೆ ಟೈರುಗಳು ಒಂಬತ್ತು ವರ್ಷ ಹಳೆಯವಾಗಿದ್ದು, ಕಾರಿನ ಹತೋಟಿಗೆ ಅದೂ ಅಡ್ಡಿಯಾಗಿರಬಹುದೆಂದು ದಾಖಲಾಯಿತು. ಕಾರು ಓಡಿದ್ದು ಕಡಿಮೆ, ಟೈರಿನ ಪ್ರಾಯ ಮುಗಿದಿತ್ತು. ಡೊಂಬಿವಲಿಯಿಂದ ನೆರೂಳ್ ತನಕ ಸೊಸೈಟಿಗಳ ಕೆಳಗೆ ಬಟ್ಟೆ ಹೊದ್ದು ನಿಂತಿರುವ ದುಬಾರಿ ಕಾರುಗಳ ಒಡೆಯರು ಆ ನಾಲ್ಕಂಕಿಯನ್ನೊಮ್ಮೆ ಓದುವುದು ಒಳ್ಳೆಯದು.

ಇನ್ನು ಮೂವತ್ತೈದರ ವಿಚಾರ. ನಾಲ್ಕಕ್ಕೂ ಒಂದೇ ಒತ್ತಡ ಹಾಕುವುದರ ಪರಿಣಾಮ ಏನೆಂಬುದಕ್ಕೆ ಮೋಟಾರಿನ ಚರಿತ್ರೆಯಲ್ಲೇ ಒಂದು ದೊಡ್ಡ ಪಾಠವಿದೆ. ಅಮೆರಿಕದ ಷೆವ್ರೊಲೆ ಕಂಪನಿ 1960ರ ಮಾದರಿಯಾಗಿ ತಂದ ಕಾರ್ವೇರ್ ಕಾರಿನ ಎಂಜಿನ್ ಹಿಂದಿತ್ತು. ಬಾಲ ಹೊರಕ್ಕೆ ಚಿಮ್ಮುವ ಸ್ವಭಾವವನ್ನು ಹತೋಟಿಯಲ್ಲಿಡಲು ಕಂಪನಿ ನೆಚ್ಚಿಕೊಂಡದ್ದರಲ್ಲಿ ಟೈರಿನ ಒತ್ತಡ ಮುಖ್ಯವಾದದ್ದು: ತಣ್ಣಗಿರುವಾಗ ಮುಂದೆ 15 ಪಿಎಸ್‌ಐ (ಅಂಗಡಿಯವರ ಬಾಯಲ್ಲಿ ಪಾಯಿಂಟ್), ಹಿಂದೆ 26. ಮುಂದಿನ ಟೈರು ಬೇಕೆಂದೇ ಮೆತ್ತಗಿದ್ದು, ಮುಂದಿನ ಹಿಡಿತವನ್ನು ತಗ್ಗಿಸಿ, ಹಿಂದಿನದರ ಜೊತೆ ಸಮತೂಗುತ್ತಿತ್ತು. ಬೀದಿಯ ಪಂಪಿನವರಿಗೆ ಇದು ಗೊತ್ತಿಲ್ಲ. 15 ಎಂದರೆ ಚಪ್ಪಟೆ ಟೈರು ಎಂದೇ ಅವರ ಲೆಕ್ಕ. ನಾಲ್ಕಕ್ಕೂ ಸಮನಾಗಿ ತುಂಬಿದರೆ ಆ ಸಮತೋಲ ಅಲ್ಲಿಗೆ ಮುಗಿಯಿತು. ಅಮೆರಿಕದ ವಕೀಲ ರಾಲ್ಫ್ ನೇಡರ್ ಕಾರುಗಳ ಅಪಾಯದ ಬಗ್ಗೆ 1965ರಲ್ಲಿ ಪ್ರಕಟಿಸಿದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲೆ. 1972ರಲ್ಲಿ ಸರ್ಕಾರಿ ಸಂಸ್ಥೆಯ ಪರೀಕ್ಷೆ ಕಾರ್ವೇರ್ ಆ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದಲ್ಲ ಎಂದಿತು ಎಂಬುದೂ ನಿಜ. ಆದರೆ ಕಾರು ಕೆಟ್ಟದ್ದೋ ಅಲ್ಲವೋ ಎಂಬ ಜಗಳ ನಮಗಿಲ್ಲಿ ಮುಖ್ಯವಲ್ಲ. ಹನ್ನೊಂದು ಪಾಯಿಂಟಿನ ವ್ಯತ್ಯಾಸದ ಮೇಲೆ ಒಂದು ಕಾರಿನ ನಡತೆ ನಿಂತಿರಬಹುದು, ಪಂಪಿನ ಒಂದು ಒಳ್ಳೆಯ ಉದ್ದೇಶದ ಕೈ ಅದನ್ನು ಅಳಿಸಿಹಾಕಬಹುದು ಎಂಬುದು ಮುಖ್ಯ. ಇಂದಿನ 911ನಲ್ಲೂ ಕಂಪನಿ ಮುಂದಿಗೊಂದು ಹಿಂದಿಗೊಂದು ಒತ್ತಡ ಹೇಳುತ್ತದೆ. ಅದಕ್ಕೂ ನಮ್ಮಲ್ಲಿ ಬೀಳುವುದು ಮೂವತ್ತೈದೇ.

ಸರಿಯಾದ ಅಂಕಿ ಎಲ್ಲಿದೆ? ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಟೈರಿನ ಅಳತೆ, ಮುಂದಿನ ಒತ್ತಡ, ಹಿಂದಿನ ಒತ್ತಡ ಬೇರೆ ಬೇರೆಯಾಗಿ ಇರುತ್ತವೆ. ಬಹಳಷ್ಟು ಕಾರುಗಳಲ್ಲಿ ಒಬ್ಬಿಬ್ಬರು ಕೂತಾಗಿನ ಅಂಕಿ ಒಂದು, ಜನ ಮತ್ತು ಸಾಮಾನು ತುಂಬಿದಾಗಿನದು ಇನ್ನೊಂದು. ಯೂರೋಪಿನ ಕಾರಾದರೆ ಬಾರ್ ಲೆಕ್ಕದಲ್ಲಿರುತ್ತದೆ. ಒಂದು ಬಾರ್ ಅಂದರೆ 14.5 ಪಿಎಸ್‌ಐ. ಈ ಚೀಟಿಯ ಬದಲು ಟೈರಿನ ಗೋಡೆಯ ಮೇಲೆ ಅಚ್ಚಾದ 51 ಪಿಎಸ್‌ಐ ಎಂಬಂಥ ಅಂಕಿಯನ್ನು ನೋಡಿ ಅಷ್ಟಕ್ಕೆ ಹತ್ತಿರ ತುಂಬಿಸುವವರೂ ಇದ್ದಾರೆ. ಅದು ಆ ಟೈರು ತಾಳುವ ಗರಿಷ್ಠ. ಅದೇ ಟೈರು ಹತ್ತಾರು ಬೇರೆ ಬೇರೆ ಕಾರಿಗೆ ಹೋಗುವುದರಿಂದ ನಿಮ್ಮ ಕಾರಿಗೆ ಎಷ್ಟು ಬೇಕೆಂದು ಟೈರಿಗೆ ಗೊತ್ತಿರಲು ಸಾಧ್ಯವಿಲ್ಲ. ಈ ಮಾತು ಸ್ಪೋರ್ಟ್ಸ್ ಕಾರಿಗಷ್ಟೇ ಅಲ್ಲ. ಮೇ ರಜೆಯಲ್ಲಿ ಠಾಣೆ, ಕಲ್ಯಾಣದಿಂದ ಉಡುಪಿ, ಮಂಗಳೂರಿನ ಕಡೆ ಹೊರಡುವ ನಮ್ಮವರ ಕಾರುಗಳನ್ನು ನೋಡಿ: ಐದು ಜನ, ಡಿಕ್ಕಿ ತುಂಬ ಚೀಲ, ಮೇಲೆ ಕ್ಯಾರಿಯರು. ಚೀಟಿಯ ಎರಡನೆಯ ಸಾಲು ಇರುವುದೇ ಈ ಪ್ರಯಾಣಕ್ಕೆ. ಅದನ್ನು ಓದಿ ಹೊರಡುವವರು ಎಷ್ಟು ಮಂದಿ?

ಓದುವುದಿರಲಿ, ಅದೇ ಪ್ರಯಾಣಕ್ಕೆ "ಬಿಸಿಲು ಜೋರಿದೆ, ಎರಡು ಪಾಯಿಂಟ್ ಇಳಿಸಿ" ಎಂಬ ಸಲಹೆ ಸಿಗುತ್ತದೆ. ನಾಲ್ಕು ತಪ್ಪುಗಳಲ್ಲಿ ಜೀವಕ್ಕೆ ಹತ್ತಿರವಾದದ್ದು ಇದು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ ಎಂಬುದು ಸರಿ. ಎಷ್ಟು? 27 ಡಿಗ್ರಿಯಲ್ಲಿ 35 ಪಿಎಸ್‌ಐ ಇದ್ದ ಟೈರು 57 ಡಿಗ್ರಿಗೆ ಕಾದರೆ ಸುಮಾರು 40 ಆಗುತ್ತದೆ. ಈ ಏರಿಕೆ ಕಂಪನಿಗೆ ಗೊತ್ತಿಲ್ಲದ ಗುಟ್ಟಲ್ಲ. ಚೀಟಿಯ ಅಂಕಿಯನ್ನು ತಣ್ಣನೆಯ ಟೈರಿಗೆ ಎಂದು ಹೇಳಿರುವುದೇ ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದು. ಟೈರನ್ನು ಕೊಲ್ಲುವುದು ಒಳಗಿನ ಗಾಳಿಯ ಈ ಐದು ಪಾಯಿಂಟಲ್ಲ, ಗೋಡೆಯಲ್ಲಿ ಹುಟ್ಟುವ ಶಾಖ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಗೋಡೆ ಹೆಚ್ಚು ಬಾಗಿ ನೇರವಾಗುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿ ಇದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ. ಬಾಗಿದಷ್ಟೂ ರಬ್ಬರು ಕಾಯುತ್ತದೆ, ಕಾದಷ್ಟೂ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗುತ್ತದೆ, ಕೊನೆಗೆ ಪದರ ಕಿತ್ತುಬರುತ್ತದೆ. ನೋಡಿದವರು ಗಾಳಿ ಹೆಚ್ಚಾಗಿ ಸಿಡಿಯಿತು ಎನ್ನುತ್ತಾರೆ, ಆದದ್ದು ತದ್ವಿರುದ್ಧ. ಇನ್ನೂ ಕೆಟ್ಟದ್ದೆಂದರೆ ಓಡಿ ಕಾದ ಟೈರನ್ನು ಅಳೆದು, 40 ಕಂಡು, 35ಕ್ಕೆ ಇಳಿಸುವುದು. ಮರುದಿನ ಬೆಳಿಗ್ಗೆ ತಣ್ಣಗಾದಾಗ ಅದು 30ರ ಆಸುಪಾಸಿನಲ್ಲಿರುತ್ತದೆ.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ 2000ದ ಆಗಸ್ಟಿನ ಫೈರ್‌ಸ್ಟೋನ್ ಟೈರುಗಳ ಪ್ರಕರಣವಿದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಟೈರಿನ ಟ್ರೆಡ್ಡು ಓಡುತ್ತಿರುವಾಗಲೇ ಕಿತ್ತುಬಂದು ಗಾಡಿಗಳು ಮಗುಚಿದವು. ಅಮೆರಿಕದಲ್ಲಿ ಸತ್ತವರು 271 ಮಂದಿ ಎಂದು ಸರ್ಕಾರಿ ಲೆಕ್ಕ. ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಟೈರಿನ ತಯಾರಿಕೆಯಲ್ಲಿ ದೋಷವಿತ್ತು. ಜೊತೆಗೆ ಫೋರ್ಡ್ ಹೇಳಿದ್ದ ಒತ್ತಡ 26 ಪಿಎಸ್‌ಐ ಮಾತ್ರ, ಟೈರು ಕಂಪನಿ ಬೇಕೆಂದದ್ದು 30. ದುರ್ಘಟನೆಗಳು ದಟ್ಟವಾಗಿದ್ದದ್ದು ಟೆಕ್ಸಸ್, ಫ್ಲಾರಿಡಾ, ಅರಿಜೋನಾದಂಥ ಸುಡುವ ರಾಜ್ಯಗಳಲ್ಲಿ. ಬಿಸಿಲು, ಹೊರೆ, ವೇಗ, ಕಡಿಮೆ ಗಾಳಿ: ನಮ್ಮ ಬೇಸಿಗೆಯ ಸಲಹೆ ಕೂಡಿಸಿಕೊಡುವುದು ಇದೇ ನಾಲ್ಕನ್ನು. ಚತುರ ಓದುಗರು ಇಲ್ಲಿ ತಡೆದು ಕೇಳಬಹುದು: ಹಾಗಾದರೆ ಕಂಪನಿಯ ಚೀಟಿಯೇ ತಪ್ಪಿತ್ತಲ್ಲ, ಅದನ್ನೇಕೆ ನಂಬಬೇಕು? ನ್ಯಾಯವಾದ ಪ್ರಶ್ನೆ. ಚೀಟಿ ವೇದವಾಕ್ಯವಲ್ಲ. ಆದರೆ ಅಲ್ಲಿ ಅದು ತಪ್ಪಿದ್ದು ಯಾವ ಕಡೆಗೆ? ಕಡಿಮೆ ಗಾಳಿಯ ಕಡೆಗೆ. ಸರಿಮಾಡಿದ್ದು ಯಾವುದು? ಅಳತೆ, ತನಿಖೆ, ಕಾನೂನು. ಪರೀಕ್ಷಿಸಿ ಬರೆದ ಅಂಕಿ ಒಮ್ಮೊಮ್ಮೆ ತಪ್ಪುತ್ತದೆ ಎಂಬ ಕಾರಣಕ್ಕೆ ಪರೀಕ್ಷೆಯೇ ಇಲ್ಲದ ಅಂಕಿಯನ್ನು ನಂಬುವುದು ಯಾವ ನ್ಯಾಯ? ಅಮೆರಿಕದ ಹೆದ್ದಾರಿ ಸುರಕ್ಷಾ ಸಂಸ್ಥೆಯ ಅಧ್ಯಯನವೊಂದರಲ್ಲಿ, ಅಪಘಾತಕ್ಕೀಡಾದ ವಾಹನಗಳ ಪೈಕಿ ಹೇಳಿದ್ದಕ್ಕಿಂತ ಶೇಕಡಾ 25ಕ್ಕೂ ಹೆಚ್ಚು ಗಾಳಿ ಕಡಿಮೆಯಿದ್ದವುಗಳಲ್ಲಿ ಟೈರಿನ ತೊಂದರೆ ಕಂಡುಬಂದದ್ದು, ಸರಿ ಗಾಳಿಯಿದ್ದವುಗಳ ಸುಮಾರು ಮೂರು ಪಟ್ಟು.

"ನೈಟ್ರೋಜನ್ ಹಾಕಿಸಿದರೆ ಈ ತಲೆನೋವೇ ಇಲ್ಲ" ಎಂಬುದು ಈಚಿನ ಸಮಾಧಾನ. 2019ರ ಜುಲೈನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ರಾಜ್ಯಸಭೆಯಲ್ಲಿ ಟೈರಿಗೆ ನೈಟ್ರೋಜನ್ ಕಡ್ಡಾಯಮಾಡುವ ಆಲೋಚನೆಯ ಬಗ್ಗೆ ಮಾತಾಡಿದ್ದರು. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಭಾಗ ನೈಟ್ರೋಜನ್ನೇ. ಉಳಿದ ಆಮ್ಲಜನಕವೂ ಬಿಸಿಗೆ ಹಿಗ್ಗುವುದು ನೈಟ್ರೋಜನ್ನಿನಷ್ಟೇ. ಒಣ ಗಾಳಿಯಾದರೆ 35 ಇದ್ದದ್ದು 40 ಆಗುವ ಆ ಲೆಕ್ಕ ಎರಡಕ್ಕೂ ಒಂದೇ. ನೈಟ್ರೋಜನ್ನಿನ ನಿಜವಾದ ಗುಣ ಎರಡು: ಅದು ಒಣದಾಗಿರುತ್ತದೆ, ಮತ್ತು ರಬ್ಬರಿನಿಂದ ತುಸು ನಿಧಾನವಾಗಿ ಸೋರುತ್ತದೆ. ವಿಮಾನಕ್ಕೂ ಓಟದ ಕಾರಿಗೂ ಅದು ಬೇಕಾಗಬಹುದು. ಊರಿನಲ್ಲಿ ಓಡಾಡುವ ಕಾರಿಗೆ ಅದರಿಂದ ಕೇಡಿಲ್ಲ. ಕೇಡಿರುವುದು "ನೈಟ್ರೋಜನ್ ಇದೆ, ಆರು ತಿಂಗಳು ನೋಡಬೇಕಾಗಿಲ್ಲ" ಎಂಬ ನೆಮ್ಮದಿಯಲ್ಲಿ.

ಇದೇ ನೆಮ್ಮದಿಯ ಇನ್ನೊಂದು ರೂಪ ಟೈರಿನ ಒತ್ತಡ ಇಳಿದರೆ ಎಚ್ಚರಿಸುವ, ಡ್ಯಾಷ್‌ಬೋರ್ಡಿನ ಟಿಪಿಎಂಎಸ್ ದೀಪ. ಫೈರ್‌ಸ್ಟೋನ್ ದುರಂತದ ಫಲವಾಗಿಯೇ ಅಮೆರಿಕ ಅದನ್ನು ಕಡ್ಡಾಯಮಾಡಿತು. ಆದರೆ ಅಲ್ಲಿನ ನಿಯಮ ದೀಪ ಹೊತ್ತಿಕೊಳ್ಳಲು ಕೇಳುವುದು ಶೇಕಡಾ 25ರ ಇಳಿತ. ಯೂರೋಪಿನದು ಶೇಕಡಾ 20. ಅಂದರೆ ಯೂರೋಪಿನ ಲೆಕ್ಕದಲ್ಲೂ 35 ಬೇಕಾದ ಟೈರು 28ಕ್ಕೆ ಬೀಳುವ ತನಕ ದೀಪ ಸುಮ್ಮನಿರಬಹುದು. ದೀಪ ಹೊತ್ತಿಲ್ಲ ಎಂಬುದರಿಂದ ಟೈರು ಅಪಾಯದ ಅಂಚಿಗೆ ಇನ್ನೂ ಬಂದಿಲ್ಲವೆಂದು ತಿಳಿಯಬಹುದು, ಗಾಳಿ ಸರಿಯಿದೆ ಎಂದಲ್ಲ. ಭಾರತದಲ್ಲಿ 2020ರ ತಿದ್ದುಪಡಿಯ ನಂತರ ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿಯ ಕಿಟ್ ಇದ್ದರೆ ಸ್ಟೆಪ್ನಿಯಿಲ್ಲದೆ ಕಾರು ಮಾರಬಹುದು. ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿ ಇರುವುದೇ ಅಪರೂಪ. ಡಿಕ್ಕಿಯಲ್ಲಿ ಐದನೆಯ ಟೈರು ಇಲ್ಲದವರು ಇರುವ ನಾಲ್ಕನ್ನು ಇನ್ನಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು.

ಉಳಿದವು ಎರಡು ಆಕ್ಷೇಪ, ಎರಡೂ ಕಾರಿನ ಹುಚ್ಚಿರುವವರಿಂದ ಬರುವಂಥವು. ಒಂದು, ರೇಸಿನವರು ಗಾಳಿ ಇಳಿಸುತ್ತಾರಲ್ಲ ಎಂಬುದು. ಇಳಿಸುತ್ತಾರೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲೋ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲೋ ಕೆಲವೇ ಸುತ್ತಿನಲ್ಲಿ ಟೈರು ವಿಪರೀತ ಕಾಯುವುದರಿಂದ, ಕಾದ ಮೇಲೆ ಒತ್ತಡ ಎಷ್ಟಿರಬೇಕೆಂದು ಮೊದಲೇ ಗೊತ್ತುಮಾಡಿ, ಅದಕ್ಕೆ ತಕ್ಕಂತೆ ತಣ್ಣನೆಯ ಅಂಕಿಯನ್ನು ತಗ್ಗಿಸುತ್ತಾರೆ; ಕಾರು ಪಿಟ್ಟಿಗೆ ಬಂದಾಗಲೆಲ್ಲ ಅಳೆಯುತ್ತಾರೆ. ಅವರು ಮಾಡುವುದು ಅಳತೆಯ ಪರಾಕಾಷ್ಠೆ, ಅಂದಾಜಿನ ಸಮರ್ಥನೆಯಲ್ಲ. ತೀನ್ ಹಾತ್ ನಾಕಾದ ಸಿಗ್ನಲ್ಲಿನಲ್ಲಿ ನಿಲ್ಲುವ ಕಾರಿನ ಟೈರು ಆ ಶಾಖಕ್ಕೆ ಏರುವುದೇ ಇಲ್ಲ; ಉಳಿಯುವುದು ಬರೀ ಕಡಿಮೆ ಗಾಳಿ. ಇನ್ನೊಂದು, ನಮ್ಮ ಹೊಂಡದ ರಸ್ತೆಗೆ ಗಾಳಿ ಕಮ್ಮಿ ಇದ್ದರೆ ಮೆತ್ತಗಿರುತ್ತದೆ ಎಂಬುದು. ಸೊಂಟಕ್ಕೆ ಮೆತ್ತಗಿರಬಹುದು, ಟೈರಿಗಲ್ಲ. 245 ಅಗಲ, 35 ಶೇಕಡಾದ ಟೈರಿನ ಗೋಡೆಯ ಎತ್ತರ 86 ಮಿಲಿಮೀಟರಿನಷ್ಟು. ಹೊಂಡದ ಅಂಚು ಬಡಿದಾಗ ಆ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಜಜ್ಜಿಹೋಗದಂತೆ ಕಾಯುವುದು ಒಳಗಿನ ಗಾಳಿ ಮಾತ್ರ. ಗೋಡೆಯಲ್ಲಿ ಗುಳ್ಳೆಯಂತೆ ಉಬ್ಬು ಕಂಡರೆ ಒಳಗಿನ ದಾರ ತುಂಡಾಗಿದೆ ಎಂದರ್ಥ. ಆ ಟೈರು ಮುಗಿಯಿತು. ನಿಂತ ನೀರಿಗೂ ಇದೇ ಮಾತು. ನಾಸಾದ ಸಂಶೋಧಕರು 1963ರಲ್ಲಿ ವಿಮಾನದ ಟೈರುಗಳ ಮೇಲೆ ಕಂಡುಕೊಂಡ ಸೂತ್ರದಂತೆ ಟೈರು ನೀರಿನ ಮೇಲೆ ತೇಲತೊಡಗುವ ವೇಗ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ: 35 ಪಿಎಸ್‌ಐಗೆ ಗಂಟೆಗೆ ಸುಮಾರು 98 ಕಿಲೋಮೀಟರ್, 25ಕ್ಕೆ 83. ಅಗಲವಾದ, ಟ್ರೆಡ್ಡಿರುವ ಕಾರಿನ ಟೈರಿಗೆ ಅಂಕಿ ಇದೇ ಆಗಿರಬೇಕಿಲ್ಲ, ದಿಕ್ಕು ಮಾತ್ರ ಇದೇ.

ಇಷ್ಟೆಲ್ಲ ಹೇಳಿದ ಮೇಲೂ ಕೊನೆಯ ಮಾತೊಂದು ಬರುತ್ತದೆ: ಆಗುವುದು ಹೇಗಿದ್ದರೂ ಆಗುತ್ತದೆ, ಟೈರು ಒಡೆಯುವುದು ಯಾರ ಕೈಲಿದೆ? ನಾಗಪುರದಿಂದ ಠಾಣೆ ಜಿಲ್ಲೆಯ ಆಮಣೆಯ ತನಕ 701 ಕಿಲೋಮೀಟರ್ ಉದ್ದದ ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆದಾಗಿನಿಂದ ಈ ಮಾತು ನಮ್ಮ ಬಾಗಿಲಿಗೇ ಬಂದಿದೆ. ಅಲ್ಲಿ 120ರ ವೇಗಕ್ಕೆ ಅನುಮತಿಯಿದೆ. ಅದೇ ರಸ್ತೆಯಲ್ಲಿ 2023ರ ಜುಲೈ 1ರಂದು ಸಿಂದಖೇಡ್ ರಾಜಾ ಬಳಿ ಬಸ್ಸಿಗೆ ಬೆಂಕಿ ಹತ್ತಿ 25 ಮಂದಿ ಸತ್ತಾಗ ಮೊದಲು ಕೇಳಿಬಂದದ್ದು ಟೈರು ಸಿಡಿಯಿತು ಎಂಬ ಮಾತೇ. ಸಾರಿಗೆ ಕಚೇರಿಯ ತಪಾಸಣೆಯಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ. ಟೈರಿನ ಮೇಲೆ ಹೊರಿಸಿದರೆ ಮನುಷ್ಯರು ಪಾರು ಎಂಬ ಲೆಕ್ಕ ನಮ್ಮಲ್ಲಿ ಅಷ್ಟು ಸಲೀಸು. ಈ ಲೆಕ್ಕಕ್ಕೆ ಬಾಂಬೆ ಹೈಕೋರ್ಟು 2023ರಲ್ಲೇ ತೆರೆ ಎಳೆದಿದೆ. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಬರುತ್ತಿದ್ದ ಕಾರಿನ ಟೈರು ಸಿಡಿದು ಒಬ್ಬರು ಸತ್ತ ಪ್ರಕರಣದಲ್ಲಿ, ಇದು ದೈವಾಧೀನ ಘಟನೆ, ಪರಿಹಾರ ಕೊಡಬೇಕಿಲ್ಲ ಎಂದು ನ್ಯೂ ಇಂಡಿಯಾ ಅಶ್ಯೂರೆನ್ಸ್ ವಾದಿಸಿತು. ಟೈರು ಸಿಡಿಯುವುದು ದೈವದ ಕೆಲಸವಲ್ಲ, ಮನುಷ್ಯನ ಅಲಕ್ಷ್ಯ ಎಂದು ಕೋರ್ಟು ಆ ಮೇಲ್ಮನವಿಯನ್ನು ತಳ್ಳಿಹಾಕಿತು; ಸಿಡಿತಕ್ಕೆ ಇರಬಹುದಾದ ಕಾರಣಗಳಲ್ಲಿ ಅತಿವೇಗದ ಜೊತೆಗೆ ಕಡಿಮೆ ಗಾಳಿ, ಹೆಚ್ಚು ಗಾಳಿ, ಸೆಕೆಂಡ್‌ಹ್ಯಾಂಡ್ ಟೈರುಗಳನ್ನೂ ಎಣಿಸಿತು; ಹೊರಡುವ ಮುನ್ನ ಟೈರು ನೋಡಿಕೊಳ್ಳುವುದು ಗಾಡಿ ಓಡಿಸುವವನ ಇಲ್ಲವೇ ಅದರ ಒಡೆಯನ ಹೊಣೆ ಎಂದಿತು. ಆ ಹೊಣೆ ನಿಭಾಯಿಸಲು ಬೇಕಾದದ್ದು ದೊಡ್ಡ ವಿದ್ಯೆಯಲ್ಲ. ಸ್ವಂತದ್ದೊಂದು ಗೇಜು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ, ಬೆಳಿಗ್ಗೆ, ಕಾರು ಹೊರಡುವ ಮೊದಲು ಅಳೆಯಿರಿ. ಬಾಗಿಲಿನ ಚೀಟಿಯ ಅಂಕಿಯನ್ನು ಮುಂದಿಗೆ ಹಿಂದಿಗೆ ಬೇರೆ ಬೇರೆಯಾಗಿ ಹಾಕಿಸಿ. ನಾಲ್ಕಂಕಿಯ ಮುದ್ರೆ ಓದಿ. ಕೊಂಡರೆ ನಾಲ್ಕು ಒಂದೇ ಬಗೆಯವನ್ನು ಕೊಳ್ಳಿ. ಎರಡೇ ಕೊಳ್ಳುವುದಾದರೆ ಉಳಿದೆರಡರ ಬಗೆಯವನ್ನೇ ಕೊಂಡು ಹಿಂದಕ್ಕೆ ಹಾಕಿಸಿ. ಇಷ್ಟು ಮಾಡದೆ ಟೈರು ಕೈಕೊಟ್ಟಿತು ಎನ್ನುವವರ ಮಾತನ್ನು ಇನ್ನು ಮುಂದೆ ಯಾರೂ ಒಪ್ಪಬೇಕಾಗಿಲ್ಲ.